ಸ್ಪಾ-ಫ್ರಾಂಕೋರ್ಶಾಂ ಮತ್ತು ಬೆಲ್ಜಿಯನ್ ಗ್ರ್ಯಾನ್ ಪ್ರಿ: ಪದೇ ಪದೇ ಕೇಳುವ ಪ್ರಶ್ನೆಗಳು

ಫಾರ್ಮುಲಾ ಒನ್ ನೋಡಲು ಶುರುಮಾಡಿದವರು ಮೊದಲು ಚಾಲಕರ ಅಭಿಮಾನಿಗಳಾಗುತ್ತಾರೆ, ಆಮೇಲೆ ತಂಡಗಳ ಬೆನ್ನುಹತ್ತುತ್ತಾರೆ. ಟ್ರ್ಯಾಕ್‌ಗೂ ಅಭಿಮಾನಿಗಳಿರುತ್ತಾರೆ ಅನ್ನೋದು ಸಾಮಾನ್ಯವಾಗಿ ಗೊತ್ತಾಗುವುದು ಸ್ಪಾ ನೋಡಿದ ಮೇಲೆ. ಈ ಟ್ರ್ಯಾಕ್ ಬಗ್ಗೆ ಹೊಸಬರೂ ಹಳಬರೂ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ. ಕೆಲವು ಉತ್ತರ ಉದ್ದವಾಗಿವೆ. ಅಲ್ಲಿ ಹೇಳಲೇಬೇಕಾದ್ದು ಅಷ್ಟಿದೆ.

ಸ್ಪಾ ಟ್ರ್ಯಾಕ್ ಇರುವುದು ಎಲ್ಲಿ? ಎಷ್ಟು ಉದ್ದ?

ಬೆಲ್ಜಿಯಂನ ಪೂರ್ವ ಭಾಗದ ಲಿಯೆಜ್ ಪ್ರಾಂತ್ಯದಲ್ಲಿ, ಆರ್ದೆನ್ ಎಂಬ ಕಾಡುಗುಡ್ಡಗಳ ಸೀಮೆಯಲ್ಲಿದೆ. ಜರ್ಮನಿಯ ಗಡಿ ದೂರವಿಲ್ಲ. ಸ್ಪಾ ಎನ್ನುವುದು ಖನಿಜ ನೀರಿನ ಬುಗ್ಗೆಗಳಿಗೆ ಹೆಸರಾದ ಪಟ್ಟಣ. ಆದರೆ ಟ್ರ್ಯಾಕ್ ಇರುವುದು ಅಲ್ಲಿಂದ ಕೆಲವು ಕಿಲೋಮೀಟರ್ ಆಚೆಯ ಫ್ರಾಂಕೋರ್ಶಾಂ ಹಳ್ಳಿಯ ಪಕ್ಕದಲ್ಲಿ. ಹಾಗಾಗಿಯೇ ಜೋಡಿ ಹೆಸರು.

ಒಂದು ಲ್ಯಾಪ್ 7.004 ಕಿ.ಮೀ. ರೇಸ್‌ನಲ್ಲಿ 44 ಲ್ಯಾಪ್. ಈಗಿನ ಫಾರ್ಮುಲಾ ಒನ್ ಟ್ರ್ಯಾಕ್‌ಗಳಲ್ಲಿ ಇದೇ ಅತಿ ಉದ್ದದ್ದು. ಅತಿ ತಗ್ಗಿನ ಜಾಗಕ್ಕೂ ಅತಿ ಎತ್ತರದ ಜಾಗಕ್ಕೂ ನೂರು ಮೀಟರ್‌ಗಿಂತ ಹೆಚ್ಚು ವ್ಯತ್ಯಾಸವಿದೆ. ಟಿವಿಯಲ್ಲಿ ಈ ಏರಿಳಿತ ಅರ್ಧದಷ್ಟೂ ಕಾಣುವುದಿಲ್ಲ.

ಈ ಟ್ರ್ಯಾಕ್ ಕಟ್ಟಿದವರು ಯಾರು?

ಮೊದಲಿಗೆ ಯಾರೂ ಕಟ್ಟಲಿಲ್ಲ, ಇದ್ದ ರಸ್ತೆಗಳನ್ನೇ ಜೋಡಿಸಿದರು. ಲಿಯೆಜ್‌ನ ‘ಲಾ ಮೋಸ್’ ಪತ್ರಿಕೆಯ ಮಾಲೀಕ ಜೂಲ್ ದ ತಿಯೆರ್ ಮತ್ತು ಆನ್ರಿ ಲಾಂಗ್ಲ್ವಾ ವಾನ್ ಓಫೆಮ್ ಸೇರಿಕೊಂಡು ಫ್ರಾಂಕೋರ್ಶಾಂ, ಮಾಲ್ಮೆಡಿ, ಸ್ತಾವ್ಲೋ ಊರುಗಳ ನಡುವಿನ ಸಾರ್ವಜನಿಕ ರಸ್ತೆಗಳನ್ನು ತ್ರಿಕೋನದಂತೆ ಸೇರಿಸಿದರು. ಸುತ್ತು ಸುಮಾರು 15 ಕಿ.ಮೀ. ಆಯಿತು. 1921ರ ಆಗಸ್ಟ್‌ನಲ್ಲಿ ಮೊದಲ ಕಾರ್ ರೇಸ್ ಇಟ್ಟುಕೊಂಡರೆ ಹೆಸರು ಕೊಟ್ಟದ್ದು ಒಬ್ಬನೇ ಒಬ್ಬ ಚಾಲಕ. ಕಾರ್ ರೇಸ್ ಕೈಬಿಟ್ಟು ಆ ವರ್ಷ ಮೋಟಾರ್ ಸೈಕಲ್ ಓಡಿಸಿದರು. ಮರುವರ್ಷ ಕಾರುಗಳು ಬಂದವು, 1924ರಲ್ಲಿ 24 ಗಂಟೆಗಳ ರೇಸ್ ಶುರುವಾಯಿತು. ಅದು ಇವತ್ತಿಗೂ ನಡೆಯುತ್ತಿದೆ.

ಇಲ್ಲಿ ಒಂದು ಇತಿಹಾಸದ ತುಣುಕು ಸೇರಿಕೊಂಡಿದೆ. ಮಾಲ್ಮೆಡಿ ಮೊದಲ ಮಹಾಯುದ್ಧದವರೆಗೂ ಜರ್ಮನಿಯದಾಗಿತ್ತು. ವರ್ಸೈ ಒಪ್ಪಂದದ ನಂತರ ಬೆಲ್ಜಿಯಂಗೆ ಬಂತು. ಅಂದರೆ ಹತ್ತು ವರ್ಷ ಮುಂಚೆ ಈ ತ್ರಿಕೋನವನ್ನು ಎಳೆಯಲು ಸಾಧ್ಯವೇ ಇರಲಿಲ್ಲ. ಓ ರೂಜ್ ಹಳ್ಳವೇ ಎರಡು ದೇಶಗಳ ಗಡಿಯಾಗಿತ್ತು, ದಾಟಿದ ಕೂಡಲೇ ಸುಂಕದ ಕಟ್ಟೆ. ಹಳೆಯ ನಕ್ಷೆಗಳಲ್ಲಿ ಅಲ್ಲಿನ ತಿರುವಿಗೆ ‘ಹಳೇ ಸುಂಕದಕಟ್ಟೆ’ ಎಂಬರ್ಥದ ಹೆಸರೇ ಇದೆ.

ಇಲ್ಲಿ ಮೊದಲ ಗ್ರ್ಯಾನ್ ಪ್ರಿ ನಡೆದದ್ದು ಯಾವಾಗ?

1925ರ ಜೂನ್‌ನಲ್ಲಿ. ಅಂಕಣಕ್ಕಿಳಿದದ್ದು ಏಳೇ ಕಾರು: ಮೂರು ಆಲ್ಫಾ ರೋಮಿಯೊ, ನಾಲ್ಕು ದಲಾಜ್. ದಲಾಜ್‌ಗಳು ಒಂದೊಂದಾಗಿ ಕೆಟ್ಟು ನಿಂತವು. ಕೊನೆ ಮುಟ್ಟಿದ್ದು ಎರಡು ಆಲ್ಫಾ ಮಾತ್ರ. ಗೆದ್ದವನು ಆಂತೋನಿಯೊ ಅಸ್ಕಾರಿ. ರೇಸ್ ಎಷ್ಟು ಸಪ್ಪೆಯಾಗಿತ್ತೆಂದರೆ ಬೆಲ್ಜಿಯಂ ಜನ ಕೂಗಿ ಗೇಲಿ ಮಾಡಿದರಂತೆ. ಅದಕ್ಕೆ ಆಲ್ಫಾದ ವಿನ್ಯಾಸಕಾರ ವಿತ್ತೋರಿಯೊ ಯಾನೊ ಪಿಟ್‌ನಲ್ಲೇ (ರೇಸ್ ನಡುವೆ ಕಾರು ನಿಲ್ಲಿಸಿ ಸರಿಪಡಿಸುವ ಜಾಗ) ಮೇಜು ಹಾಕಿಸಿ, ಚಾಲಕರನ್ನು ಕರೆದು ಊಟಕ್ಕೆ ಕೂರಿಸಿದ, ಮೆಕ್ಯಾನಿಕ್‌ಗಳು ಕಾರು ತೊಳೆಯುತ್ತಿದ್ದರು ಎಂಬ ಕಥೆ ರೇಸಿಂಗ್ ಲೋಕದಲ್ಲಿ ಬಾಯಿಂದ ಬಾಯಿಗೆ ಬಂದಿದೆ. ಅಸ್ಕಾರಿ ಮರು ತಿಂಗಳೇ ಫ್ರಾನ್ಸ್‌ನ ಮೋಂಲೇರಿಯಲ್ಲಿ ಅಪಘಾತದಲ್ಲಿ ತೀರಿಕೊಂಡ. ಅವನ ಮಗ ಆಲ್ಬರ್ತೊ 1952 ಮತ್ತು 1953ರಲ್ಲಿ ಇದೇ ಸ್ಪಾದಲ್ಲಿ ಗೆದ್ದ. ಎರಡು ವರ್ಷವೂ ವಿಶ್ವ ಚಾಂಪಿಯನ್ ಆದ.

ವಿಶ್ವ ಚಾಂಪಿಯನ್‌ಶಿಪ್ ಶುರುವಾದದ್ದು 1950ರಲ್ಲಿ. ಆ ಮೊದಲ ವರ್ಷದ ಪಟ್ಟಿಯಲ್ಲೇ ಸ್ಪಾ ಇತ್ತು, ಗೆದ್ದವನು ಹ್ವಾನ್ ಮಾನುಯೆಲ್ ಫಾಂಜಿಯೊ.

ಓ ರೂಜ್, ರೇದಿಯೋಂ: ಎರಡೂ ಒಂದೇನಾ?

ಅಲ್ಲ. ಕಾಮೆಂಟೇಟರ್‌ಗಳೂ ಎರಡನ್ನೂ ಸೇರಿಸಿ ಓ ರೂಜ್ ಅಂದುಬಿಡುತ್ತಾರೆ. ಲಾ ಸೂರ್ಸ್ ಹೇರ್‌ಪಿನ್ (ಬಂದ ದಿಕ್ಕಿಗೇ ಮಡಚಿಕೊಳ್ಳುವ ತಿರುವು) ದಾಟಿ, ಹಳೆಯ ಪಿಟ್ ಪಕ್ಕ ಇಳಿಜಾರಿನಲ್ಲಿ ಧಾವಿಸಿ, ತಳದಲ್ಲಿ ಹಳ್ಳದ ಮೇಲೆ ಎಡಕ್ಕೆ ತಿರುಗುವ ಜಾಗ ಓ ರೂಜ್. ಆ ಹಳ್ಳದ ನೀರು ಕಬ್ಬಿಣದ ಅಂಶದಿಂದ ಕೆಂಪಗಿರುತ್ತದೆ. ಅದರ ಹಿಂದೆಯೇ ಗುಡ್ಡದ ಮೈಯನ್ನೇ ಹತ್ತುವ ಬಲ ತಿರುವು, ನೆತ್ತಿಯಲ್ಲಿ ಮತ್ತೆ ಎಡಕ್ಕೆ. ಈ ಏರು ರೇದಿಯೋಂ.

ಮೂಲ ಟ್ರ್ಯಾಕ್‌ನಲ್ಲಿ ರೇದಿಯೋಂ ಇರಲೇ ಇಲ್ಲ. ಹಳ್ಳ ದಾಟಿದ ರಸ್ತೆ ಎಡಕ್ಕೆ ಹೋಗಿ, ಸುಂಕದ ಕಟ್ಟೆಯ ಬಳಿ ನಿಧಾನದ ಹೇರ್‌ಪಿನ್ ಹೊಡೆದು ಮೇಲೆ ಬರುತ್ತಿತ್ತು. 1939ರಲ್ಲಿ ಅದನ್ನು ಕತ್ತರಿಸಿ ನೇರ ಗುಡ್ಡಕ್ಕೇ ರಸ್ತೆ ಎಬ್ಬಿಸಿದರು. ವೇಗ ಹೆಚ್ಚಬೇಕು ಎನ್ನುವುದೊಂದೇ ಉದ್ದೇಶ. ಈ ತಿರುವಿನ ವಿಶೇಷ ಇರುವುದು ಕಣ್ಣಿಗೆ ಕಾಣದ್ದರಲ್ಲಿ. ತಳದಲ್ಲಿ ಕಾರು ಅಮುಕಿಕೊಂಡು ಚಾಲಕನ ಬೆನ್ನುಹುರಿಯ ಮೇಲೆ ಭಾರ ಬೀಳುತ್ತದೆ. ನೆತ್ತಿಗೆ ಬಂದಾಗ ಅದೇ ಕಾರು ಹಗುರಾಗಿ ಟೈರ್‌ಗಳ ಹಿಡಿತ ಸಡಿಲುತ್ತದೆ. ಸಡಿಲಾಗುವ ಆ ಕ್ಷಣದಲ್ಲೇ ಸ್ಟೀರಿಂಗ್ ಎಡಕ್ಕೆ ತಿರುಗಿಸಬೇಕು, ಗುಡ್ಡದ ಆಚೆ ಏನಿದೆ ಎಂಬುದು ಕಾಣುವುದಿಲ್ಲ. ಇವತ್ತಿನ ಕಾರುಗಳು ಒಣ ಟ್ರ್ಯಾಕ್‌ನಲ್ಲಿ ಆಕ್ಸಿಲರೇಟರ್ ಬಿಡದೆ ಹತ್ತಿಬಿಡುತ್ತವೆ. 1999ರ ಅರ್ಹತಾ ಸುತ್ತಿನಲ್ಲಿ (ರೇಸ್‌ನಲ್ಲಿ ಯಾರು ಯಾವ ಸ್ಥಾನದಿಂದ ಹೊರಡಬೇಕೆಂದು ತೀರ್ಮಾನಿಸುವ ಸುತ್ತು) ಬಿಎಆರ್ ತಂಡದ ಜಾಕ್ ವಿಲ್‌ನವ್ ಮತ್ತು ರಿಕಾರ್ಡೊ ಜೋಂಟಾ ಇಬ್ಬರೂ ಇಲ್ಲೇ ಭೀಕರವಾಗಿ ಗುದ್ದಿ, ಇಬ್ಬರೂ ನಡೆದುಕೊಂಡು ಹೊರಬಂದರು.

ಹಳೆಯ ಟ್ರ್ಯಾಕ್ ನಿಜಕ್ಕೂ ಅಷ್ಟು ಅಪಾಯಕಾರಿಯಾಗಿತ್ತೇ?

ಹೌದು. ಈ ಪ್ರಶ್ನೆಯನ್ನು ಯಾರೂ ಬೇಗ ಮುಗಿಸಬಾರದು ಅನ್ನೋದು ನನ್ನ ಅಭಿಪ್ರಾಯ.

14 ಕಿ.ಮೀ. ದಾಟುವ ಸುತ್ತಿನಲ್ಲಿ ನಿಧಾನದ ತಿರುವು ಎಂದರೆ ಲಾ ಸೂರ್ಸ್ ಒಂದೇ ಎನ್ನಬಹುದು. ಉಳಿದದ್ದೆಲ್ಲ ಗಂಟೆಗೆ 200 ಕಿ.ಮೀ. ದಾಟಿದ ಮೇಲಿನ ಮಾತು. ಲೇ ಕೋಂಬ್ ತಿರುವು ಕಳೆದ ಮೇಲೆ ಬುರ್ನನ್‌ವಿಲ್‌ನ ಉದ್ದನೆಯ ಇಳಿಜಾರು ತಿರುವು, ಮಾಲ್ಮೆಡಿ, ಆಮೇಲೆ ಮಾಸ್ತಾ ನೇರ ರಸ್ತೆ. ಆ ನೇರ ರಸ್ತೆಯ ಮಧ್ಯೆ ಎಡ-ಬಲದ ಒಂದು ಕೊಂಕು, ಎರಡೂ ಬದಿಯಲ್ಲಿ ಮನೆಗಳು. ಮನೆ ಎಂದರೆ ಜನ ವಾಸವಿದ್ದ ಕಲ್ಲುಗೋಡೆಯ ಮನೆಗಳೇ. ತಡೆಬೇಲಿ ಇಲ್ಲ, ಮರಳಿನ ಹಾಸಿಲ್ಲ. ವಿದ್ಯುತ್ ಕಂಬ, ಮರ, ಚರಂಡಿ, ಹೊಲದ ಬೇಲಿ ಎಲ್ಲವೂ ರಸ್ತೆಯಂಚಿನಲ್ಲೇ. ಮಾಸ್ತಾ ಕೊಂಕನ್ನು ಪೂರ್ತಿ ವೇಗದಲ್ಲಿ ಹಾಯ್ದರೆ ಮುಂದಿನ ನೇರದಲ್ಲಿ ಬಹಳ ಸಮಯ ಉಳಿಯುತ್ತಿತ್ತು, ಅದಕ್ಕೇ ಎಲ್ಲರೂ ಹಾಯಲು ನೋಡುತ್ತಿದ್ದರು.

1939ರ ಗ್ರ್ಯಾನ್ ಪ್ರಿಯಲ್ಲಿ ಮುನ್ನಡೆಯಲ್ಲಿದ್ದ ಬ್ರಿಟಿಷ್ ಚಾಲಕ ರಿಚರ್ಡ್ ಸೀಮನ್ ಮಳೆಯಲ್ಲಿ ಮರಕ್ಕೆ ಗುದ್ದಿ, ಬೆಂಕಿಯಲ್ಲಿ ಸುಟ್ಟು ಸತ್ತ. 1960ರ ಜೂನ್‌ನ ವಾರಾಂತ್ಯವಂತೂ ಈ ಕ್ರೀಡೆಯ ಅತಿ ಕೆಟ್ಟ ದಿನಗಳಲ್ಲಿ ಒಂದು. ಅಭ್ಯಾಸದಲ್ಲಿ ಬುರ್ನನ್‌ವಿಲ್ ಬಳಿ ಸ್ಟರ್ಲಿಂಗ್ ಮಾಸ್ ಕಾರಿನ ಚಕ್ರ ಕಳಚಿ ಅವರ ಎರಡೂ ಕಾಲು ಮುರಿದವು. ಮೈಕ್ ಟೇಲರ್ ಬೇರೊಂದು ಅಪಘಾತದಲ್ಲಿ ತೀವ್ರವಾಗಿ ಗಾಯಗೊಂಡರು. ರೇಸ್‌ನಲ್ಲಿ ಕ್ರಿಸ್ ಬ್ರಿಸ್ಟೋ ಸತ್ತ. ಸ್ವಲ್ಪ ಹೊತ್ತಿಗೆ ಹಕ್ಕಿಯೊಂದು ಮುಖಕ್ಕೆ ಬಡಿದು ಆಲನ್ ಸ್ಟೇಸಿ ಸತ್ತ. ರೇಸ್ ನಿಲ್ಲಲಿಲ್ಲ. ಜಾಕ್ ಬ್ರಾಬಮ್ ಗೆದ್ದರು ಎಂದು ದಾಖಲೆಯಲ್ಲಿದೆ.

1966ರಲ್ಲಿ ಜಾಕಿ ಸ್ಟೂವರ್ಟ್‌ಗೆ ಏನಾಯಿತು?

ಒಣ ರಸ್ತೆಯಲ್ಲಿ ರೇಸ್ ಶುರುವಾಯಿತು. ಟ್ರ್ಯಾಕ್‌ನ ಇನ್ನೊಂದು ಬದಿಯಲ್ಲಿ ಧಾರಾಕಾರ ಮಳೆ ಸುರಿಯುತ್ತಿದೆ ಎಂದು ಚಾಲಕರಿಗೆ ಗೊತ್ತಾದದ್ದು ಅದರೊಳಗೆ ನುಗ್ಗಿದ ಮೇಲೆ. ಮೊದಲ ಲ್ಯಾಪ್ ಮುಗಿಯುವಷ್ಟರಲ್ಲಿ ಅರ್ಧಕ್ಕರ್ಧ ಕಾರುಗಳು ರಸ್ತೆ ಬಿಟ್ಟಿದ್ದವು. ಮಾಸ್ತಾ ಬಳಿ ಬ್ರಿಟಿಷ್ ಚಾಲಕ ಸ್ಟೂವರ್ಟ್‌ರ ಬಿಆರ್‌ಎಂ ಕಾರು ನೀರಿನ ಮೇಲೆ ಜಾರಿ, ಕಂಬಕ್ಕೆ ಬಡಿದು, ತೋಟದ ಮನೆಯೊಂದರ ತಗ್ಗಿನಲ್ಲಿ ಸಿಕ್ಕಿಕೊಂಡಿತು. ಬಾಗಿದ ಕಾರಿನೊಳಗೆ ಕಾಲು ಸಿಕ್ಕಿಬಿದ್ದಿದೆ, ಒಡೆದ ಟ್ಯಾಂಕಿನ ಪೆಟ್ರೋಲ್ ಮೈಮೇಲೆ ಸುರಿಯುತ್ತಿದೆ. ಒಂದು ಕಿಡಿ ಸಾಕಿತ್ತು.

ಬಿಡಿಸಲು ಬಂದವರು ಅಧಿಕಾರಿಗಳಲ್ಲ. ಅಲ್ಲೇ ರಸ್ತೆ ಬಿಟ್ಟು ನಿಂತಿದ್ದ ಸಹಚಾಲಕರು ಗ್ರಹಾಂ ಹಿಲ್ ಮತ್ತು ಬಾಬ್ ಬಾಂಡುರಂಟ್. ಸ್ಟೀರಿಂಗ್ ಚಕ್ರ ಕಳಚದೆ ಆತನನ್ನು ಹೊರಗೆಳೆಯುವಂತಿರಲಿಲ್ಲ, ಕಳಚಲು ಸ್ಪ್ಯಾನರ್ ಬೇಕು, ಟ್ರ್ಯಾಕ್‌ನವರ ಹತ್ತಿರ ಸ್ಪ್ಯಾನರ್ ಇಲ್ಲ. ಕೊನೆಗೆ ಪ್ರೇಕ್ಷಕನೊಬ್ಬನ ಕಾರಿನ ಟೂಲ್ ಬಾಕ್ಸಿನಿಂದ ತಂದರು. ಇಷ್ಟಕ್ಕೆ ಸುಮಾರು 25 ನಿಮಿಷ ಹಿಡಿಯಿತು. ಪ್ರಥಮ ಚಿಕಿತ್ಸೆಯ ಕೋಣೆಯಲ್ಲಿ ಸಿಗರೇಟಿನ ತುಂಡುಗಳು ಬಿದ್ದಿದ್ದ ನೆಲದ ಮೇಲೆ ಸ್ಟ್ರೆಚರ್ ಇಟ್ಟಿದ್ದರು. ಆಸ್ಪತ್ರೆಗೆ ಹೊರಟ ಆಂಬುಲೆನ್ಸ್ ದಾರಿ ತಪ್ಪಿತು.

ಅಲ್ಲಿಂದ ಮುಂದೆ ಸ್ಟೂವರ್ಟ್ ತಮ್ಮ ಸ್ಟೀರಿಂಗ್‌ಗೆ ಒಂದು ಸ್ಪ್ಯಾನರನ್ನು ಟೇಪ್ ಹಾಕಿ ಅಂಟಿಸಿಕೊಂಡೇ ಓಡಿಸಿದರು. ಸೀಟ್ ಬೆಲ್ಟ್, ತಡೆಬೇಲಿ, ವೈದ್ಯರ ತಂಡ ಎಂದು ವರ್ಷಗಟ್ಟಲೆ ಹೋರಾಡಿದರು. ಅಂಜುಬುರುಕ ಎಂದು ಟೀಕಿಸಿದವರೂ ಇದ್ದರು. ಇವತ್ತು ಟ್ರ್ಯಾಕ್‌ನಲ್ಲೇ ಸಜ್ಜಾದ ವೈದ್ಯಕೀಯ ಕೇಂದ್ರ, ಹಾರಲು ಸಿದ್ಧವಾದ ಹೆಲಿಕಾಪ್ಟರ್ ಇಲ್ಲದೆ ಫಾರ್ಮುಲಾ ಒನ್ ಕಾರು ಹೊರಡುವುದಿಲ್ಲ. ಅದರ ಹಿಂದೆ ಆ ತೋಟದ ಮನೆಯ ಅರ್ಧ ಗಂಟೆಯಿದೆ.

ಅಂಥ ಟ್ರ್ಯಾಕ್‌ನಲ್ಲಿ ಮಿಂಚಿದವರು ಯಾರು?

ಜಿಮ್ ಕ್ಲಾರ್ಕ್. ಅವರಿಗೆ ಸ್ಪಾ ಕಂಡರೆ ಆಗುತ್ತಿರಲಿಲ್ಲ, ಆದರೂ 1962ರಿಂದ 1965ರವರೆಗೆ ಸತತ ನಾಲ್ಕು ಸಲ ಗೆದ್ದರು. 1963ರಲ್ಲಿ ಎಂಟನೇ ಸ್ಥಾನದಿಂದ ಹೊರಟು, ಮಳೆಯಲ್ಲಿ, ಗೇರ್ ತಾನಾಗಿ ಜಾರುತ್ತಿದ್ದ ಕಾರಿನಲ್ಲಿ ಒಂದು ಕೈಯಿಂದ ಗೇರ್ ಲಿವರ್ ಒತ್ತಿ ಹಿಡಿದುಕೊಂಡೇ ಓಡಿಸಿ, ಎರಡನೆಯವರಿಗಿಂತ ಐದು ನಿಮಿಷದ ಹತ್ತಿರ ಮುಂದೆ ಬಂದರು.

1967ರಲ್ಲಿ ಡಾನ್ ಗರ್ನಿ ತಮ್ಮದೇ ತಂಡ ಕಟ್ಟಿದ ಈಗಲ್ ಕಾರಿನಲ್ಲಿ ಗೆದ್ದರು, ಲ ಮಾನ್ 24 ಗಂಟೆಗಳ ರೇಸ್ ಗೆದ್ದ ಮರು ವಾರವೇ. 1968ರಲ್ಲಿ ಬ್ರೂಸ್ ಮೆಕ್ಲಾರೆನ್ ತಾನು ಎರಡನೆಯವನು ಅಂದುಕೊಂಡೇ ಗೆರೆ ದಾಟಿದರು. ಕೊನೆಯಲ್ಲಿ ಮುಂದಿದ್ದ ಸ್ಟೂವರ್ಟ್ ಪೆಟ್ರೋಲ್ ಮುಗಿದು ಪಿಟ್‌ಗೆ ಹೋದದ್ದು ಅವರಿಗೆ ಗೊತ್ತೇ ಇರಲಿಲ್ಲ. ಗೆದ್ದದ್ದು ನೀವೇ ಎಂದು ಬೇರೆಯವರು ಹೇಳಬೇಕಾಯಿತು. ಮೆಕ್ಲಾರೆನ್ ತಂಡದ ಮೊಟ್ಟಮೊದಲ ಗ್ರ್ಯಾನ್ ಪ್ರಿ ಗೆಲುವು ಅದು. ಕಾರನ್ನು ನೆಲಕ್ಕೆ ಒತ್ತುವ ರೆಕ್ಕೆ ಕಾಣಿಸಿಕೊಂಡದ್ದೂ ಅದೇ ವಾರಾಂತ್ಯದಲ್ಲಿ, ಫೆರಾರಿ ಮತ್ತು ಬ್ರಾಬಮ್ ತಂಡಗಳಿಂದ.

1970ರ ನಂತರ ಫಾರ್ಮುಲಾ ಒನ್ ಸ್ಪಾ ಬಿಟ್ಟದ್ದೇಕೆ?

ವೇಗ ಕೈಮೀರಿತ್ತು. 1970ರಲ್ಲಿ ಪೆದ್ರೊ ರೊಡ್ರಿಗೆಸ್ ಗೆದ್ದಾಗ ಇಡೀ ರೇಸ್‌ನ ಸರಾಸರಿಯೇ ಗಂಟೆಗೆ 241 ಕಿ.ಮೀ. ಆಗಿತ್ತು. ಅದಕ್ಕೆ ಮುಂಚೆ 1969ರಲ್ಲೇ ಚಾಲಕರು ಪಟ್ಟು ಹಿಡಿದಿದ್ದರಿಂದ ರೇಸ್ ರದ್ದಾಗಿತ್ತು. 1970ರ ನಂತರವೂ ಬೇಕಾದಷ್ಟು ಸುಧಾರಣೆ ಆಗದ ಕಾರಣ ಗ್ರ್ಯಾನ್ ಪ್ರಿ ಬೇರೆಡೆಗೆ ಹೋಯಿತು. 1972 ಮತ್ತು 1974ರಲ್ಲಿ ಬ್ರಸೆಲ್ಸ್ ಹತ್ತಿರದ ನಿವೆಲ್, ಉಳಿದಂತೆ ಜೋಲ್ಡರ್. ನಿವೆಲ್ ಯಾರ ನೆನಪಿನಲ್ಲೂ ಉಳಿಯಲಿಲ್ಲ. ಜೋಲ್ಡರ್ ಉಳಿದದ್ದು ದುಃಖದಿಂದ: 1982ರ ಮೇ 8ರಂದು ಅರ್ಹತಾ ಸುತ್ತಿನಲ್ಲಿ ಜಿಲ್ ವಿಲ್‌ನವ್ ಸತ್ತದ್ದು ಅಲ್ಲಿ.

ಈಗಿನ ಟ್ರ್ಯಾಕ್ ಯಾವಾಗ ಬಂತು?

1979ರಲ್ಲಿ. ಲೇ ಕೋಂಬ್ ಬಳಿ ಹಳೆಯ ರಸ್ತೆಯನ್ನು ಬಿಟ್ಟು, ಕಾಡಿನ ಇಳಿಜಾರಿನಲ್ಲಿ ಹೊಸ ಟ್ರ್ಯಾಕ್ ಇಳಿಸಿ, ಬ್ಲಾಂಶಿಮೋಂ ತಿರುವಿಗೆ ಮೊದಲು ಮತ್ತೆ ಹಳೆಯದಕ್ಕೆ ಸೇರಿಸಿದರು. ಉದ್ದ ಅರ್ಧಕ್ಕಿಳಿಯಿತು. ಹಾಗೆ ಕತ್ತರಿಸಿದ ಟ್ರ್ಯಾಕ್‌ಗಳು ಸಾಮಾನ್ಯವಾಗಿ ಜೀವ ಕಳೆದುಕೊಳ್ಳುತ್ತವೆ. ಇಲ್ಲಿ ಹಾಗಾಗಲಿಲ್ಲ, ಏಕೆಂದರೆ ಹೊಸ ಭಾಗವನ್ನೂ ಗುಡ್ಡ ಹೇಳಿದ ಹಾಗೆ ಕಟ್ಟಿದರು. ಎಡಕ್ಕೆ ಎರಡು ಬಾರಿ ಬಾಗುತ್ತಾ ಇಳಿಯುವ ಪೂಹೊಂ ತಿರುವು ಆ ಹೊಸ ಭಾಗದ್ದೇ. ನನಗೆ ಕೇಳಿದರೆ ಚಾಲಕನ ಕಸುಬು ಓ ರೂಜ್‌ಗಿಂತ ಅಲ್ಲೇ ಚೆನ್ನಾಗಿ ಕಾಣುವುದು.

ಫಾರ್ಮುಲಾ ಒನ್ 1983ರಲ್ಲಿ ಮರಳಿತು, ಅಲೆನ್ ಪ್ರಾಸ್ಟ್ ಗೆದ್ದರು. 1985ರಲ್ಲಿ ಹೊಸದಾಗಿ ಹಾಕಿದ ಡಾಂಬರು ಜೂನ್ ತಿಂಗಳಲ್ಲಿ ಕಿತ್ತುಬಂದು ರೇಸ್ ಸೆಪ್ಟೆಂಬರ್‌ಗೆ ಹೋಯಿತು. ಟ್ರ್ಯಾಕ್‌ನ ಕೆಲ ಭಾಗಗಳು 2000ನೇ ಇಸವಿಯ ಹೊತ್ತಿನವರೆಗೂ ಊರಿನವರು ಓಡಾಡುವ ಸಾರ್ವಜನಿಕ ರಸ್ತೆಗಳೇ ಆಗಿದ್ದವು. ಲ್ಯಾಪ್‌ನ ಕೊನೆಯಲ್ಲಿ ‘ಬಸ್ ಸ್ಟಾಪ್’ ಎಂಬ ಶಿಕೇನ್ (ವೇಗ ತಗ್ಗಿಸುವ ಬಿಗಿ ತಿರುವುಗಳ ಜೋಡಿ) ಇರುವಲ್ಲಿ ನಿಜವಾದ ಬಸ್ ನಿಲ್ದಾಣವಿತ್ತು.

ಪ್ರತಿ ವರ್ಷ ಅಲ್ಲಿ ಮಳೆ ಯಾಕೆ ಬರುತ್ತದೆ?

ಪ್ರತಿ ವರ್ಷ ಬರುವುದಿಲ್ಲ, ಬರುವ ಭಯ ಪ್ರತಿ ವರ್ಷ ಇರುತ್ತದೆ. ಗುಡ್ಡ, ಕಾಡು, ಏಳು ಕಿಲೋಮೀಟರ್ ಉದ್ದ: ಚಾರ್ಮಾಡಿ ಘಾಟಿಯಲ್ಲಿ ಒಂದು ತಿರುವಿನಲ್ಲಿ ಬಿಸಿಲು, ಮುಂದಿನದರಲ್ಲಿ ಮಳೆ ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಪಿಟ್ ಬಳಿ ಒಣಗಿದ್ದರೆ ಸ್ತಾವ್ಲೋ ಬಳಿ ಒದ್ದೆ. ಯಾವ ಟೈರ್ ಹಾಕಿದರೂ ಅರ್ಧ ಸುತ್ತಿಗೆ ತಪ್ಪು.

ಶೂಮಾಕರ್‌ಗೂ ಸ್ಪಾಗೂ ಏನು ನಂಟು?

1991ರಲ್ಲಿ ಜೋರ್ಡಾನ್ ತಂಡದ ಚಾಲಕ ಬರ್ಟ್ರಾಂಡ್ ಗಾಶೋ ಲಂಡನ್ನಿನಲ್ಲಿ ಟ್ಯಾಕ್ಸಿ ಚಾಲಕನ ಮುಖಕ್ಕೆ ಅಶ್ರುವಾಯು ಸಿಂಪಡಿಸಿ ಜೈಲು ಸೇರಿದರು. ಖಾಲಿಯಾದ ಸೀಟು 22 ವರ್ಷದ ಮೈಕೆಲ್ ಶೂಮಾಕರ್‌ಗೆ ಸಿಕ್ಕಿತು. ಟ್ರ್ಯಾಕ್ ಚೆನ್ನಾಗಿ ಗೊತ್ತು ಎಂದು ಅವರ ಮ್ಯಾನೇಜರ್ ತಂಡಕ್ಕೆ ಹೇಳಿದ್ದರು, ಆದರೆ ಅವರು ಅಲ್ಲಿ ರೇಸ್ ಮಾಡಿಯೇ ಇರಲಿಲ್ಲ. ಸೈಕಲ್‌ನಲ್ಲಿ ಸುತ್ತು ಹಾಕಿ ನೋಡಿಕೊಂಡರು. ಅರ್ಹತಾ ಸುತ್ತಿನಲ್ಲಿ ಏಳನೇ ಸ್ಥಾನ. ರೇಸ್ ಮೊದಲ ಲ್ಯಾಪ್‌ನಲ್ಲೇ ಕ್ಲಚ್ ಕೆಟ್ಟು ಮುಗಿಯಿತು, ಆದರೆ ಅಷ್ಟರಲ್ಲಿ ಎಲ್ಲರೂ ನೋಡಿಯಾಗಿತ್ತು. ಮರುವರ್ಷ ಅಲ್ಲೇ ಮೊದಲ ಗೆಲುವು. ಏಳನೇ ವಿಶ್ವ ಪ್ರಶಸ್ತಿ ಖಚಿತವಾದದ್ದೂ ಅಲ್ಲೇ, 2004ರಲ್ಲಿ.

ಬೆಲ್ಜಿಯನ್ ಗ್ರ್ಯಾನ್ ಪ್ರಿ ಹೆಚ್ಚು ಸಲ ಗೆದ್ದವರು ಯಾರು?

ಶೂಮಾಕರ್ ಆರು. ಐರ್ಟನ್ ಸೆನ್ನಾ ಮತ್ತು ಲೂಯಿಸ್ ಹ್ಯಾಮಿಲ್ಟನ್ ತಲಾ ಐದು. ಕ್ಲಾರ್ಕ್ ಮತ್ತು ಕಿಮಿ ರೈಕ್ಕೊನೆನ್ ತಲಾ ನಾಲ್ಕು. ವಿಶ್ವ ಚಾಂಪಿಯನ್‌ಶಿಪ್ ಶುರುವಾದ ಮೇಲೆ ಬೆಲ್ಜಿಯಂ ಚಾಲಕ ಒಬ್ಬನೂ ತವರಿನ ಈ ರೇಸ್ ಗೆದ್ದಿಲ್ಲ, ಜಾಕಿ ಇಕ್ಸ್‌ನಂಥ ದಿಗ್ಗಜನಿಗೂ ಆಗಲಿಲ್ಲ. 2021ರಿಂದ 2023ರವರೆಗೆ ಮೂರು ಸಲ ಗೆದ್ದ ಮ್ಯಾಕ್ಸ್ ವರ್ಸ್ಟಾಪನ್ ಹುಟ್ಟಿದ್ದು ಬೆಲ್ಜಿಯಂನ ಹಾಸೆಲ್ಟ್‌ನಲ್ಲಿ, ತಾಯಿ ಬೆಲ್ಜಿಯಂನವರು. ಆದರೆ ಓಡಿಸುವುದು ನೆದರ್ಲೆಂಡ್ಸ್ ಬಾವುಟದಡಿ.

ಇದಕ್ಕೂ ಬೆಂಗಳೂರಿಗೂ ಸಂಬಂಧ ಇದೆಯೇ?

ಇದೆ, ಅದೂ ಗಟ್ಟಿ ಸಂಬಂಧ. ಶೂಮಾಕರ್‌ಗೆ ಮೊದಲ ಅವಕಾಶ ಕೊಟ್ಟ ಅದೇ ಜೋರ್ಡಾನ್ ತಂಡ ಕೈಯಿಂದ ಕೈಗೆ ಮಾರಾಟವಾಗಿ, ಬೆಂಗಳೂರಿನ ಉದ್ಯಮಿ ವಿಜಯ್ ಮಲ್ಯ ಪಾಲುದಾರರ ಜೊತೆ ಕೊಂಡ ಮೇಲೆ 2008ರಲ್ಲಿ ಫೋರ್ಸ್ ಇಂಡಿಯಾ ಎಂಬ ಹೆಸರಿನಲ್ಲಿ ಇಳಿಯಿತು. ಮೊದಲ ಒಂದೂವರೆ ವರ್ಷ ಒಂದು ಅಂಕವೂ ಇಲ್ಲ. 2009ರ ಆಗಸ್ಟ್‌ನಲ್ಲಿ ಸ್ಪಾಗೆ ಬಂದಾಗ ಗಾಳಿಯನ್ನು ಸುಲಭವಾಗಿ ಸೀಳುವ ಆ ಕಾರು ಉದ್ದ ನೇರ ರಸ್ತೆಗಳಿಗೆ ಹೇಳಿ ಮಾಡಿಸಿದಂತಿತ್ತು. ಜಿಯಾನ್‌ಕಾರ್ಲೊ ಫಿಸಿಕೆಲ್ಲಾ ಪೋಲ್ ಪೊಸಿಷನ್, ಅಂದರೆ ಎಲ್ಲರಿಗಿಂತ ಮುಂದೆ ಹೊರಡುವ ಸ್ಥಾನ ಪಡೆದರು. ರೇಸ್‌ನಲ್ಲಿ ಸೇಫ್ಟಿ ಕಾರ್ (ಅಪಾಯವಿದ್ದಾಗ ಎಲ್ಲರನ್ನೂ ತನ್ನ ಹಿಂದೆ ನಿಧಾನಕ್ಕೆ ಕರೆದೊಯ್ಯುವ ಕಾರು) ಹೊರಟುಹೋದ ಕೂಡಲೇ ರೇದಿಯೋಂ ನಂತರದ ಕೆಮ್ಮೆಲ್ ನೇರದಲ್ಲಿ ರೈಕ್ಕೊನೆನ್‌ರ ಫೆರಾರಿ, ಬ್ರೇಕ್ ಹಾಕುವಾಗ ಕೂಡಿಟ್ಟ ಶಕ್ತಿಯನ್ನು ಮರಳಿ ಕೊಡುವ ಕೆಇಆರ್‌ಎಸ್‌ನ ಹೆಚ್ಚುವರಿ ಶಕ್ತಿ ಬಳಸಿ ದಾಟಿತು. ಫೋರ್ಸ್ ಇಂಡಿಯಾದಲ್ಲಿ ಆ ವ್ಯವಸ್ಥೆ ಇರಲಿಲ್ಲ. ಕೊನೆಯವರೆಗೂ ಬೆನ್ನುಬಿಡದ ಫಿಸಿಕೆಲ್ಲಾ ಒಂದು ಸೆಕೆಂಡಿಗಿಂತ ಕಡಿಮೆ ಅಂತರದಲ್ಲಿ ಎರಡನೆಯವರಾದರು. ತಂಡದ ಮೊದಲ ಅಂಕಗಳು, ಮೊದಲ ಪೋಡಿಯಂ.

2018ರಲ್ಲಿ ತಂಡ ಸಾಲದಲ್ಲಿ ಮುಳುಗಿ ಆಡಳಿತಾಧಿಕಾರಿಯ ಕೈಸೇರಿತು. ಹೊಸ ಮಾಲೀಕರ ಕೆಳಗೆ, ಅಲ್ಲಿಯವರೆಗಿನ ಅಂಕಗಳನ್ನೆಲ್ಲ ಕಳೆದುಕೊಂಡು, ಮೊದಲ ಬಾರಿಗೆ ಕಾರು ಇಳಿಸಿದ್ದು ಮತ್ತೆ ಸ್ಪಾದಲ್ಲೇ. ಅರ್ಹತಾ ಸುತ್ತಿನಲ್ಲಿ ಮೂರು ಮತ್ತು ನಾಲ್ಕನೇ ಸ್ಥಾನ ಪಡೆದರು. ಸಂಬಳವೂ ಖಾತ್ರಿಯಿಲ್ಲದ ವಾರಗಳನ್ನು ಕಳೆದು ಬಂದ ಮೆಕ್ಯಾನಿಕ್‌ಗಳ ಪಾಲಿಗೆ ಅದು ಎಂಥ ದಿನವಾಗಿರಬೇಕು! ಆ ತಂಡವೇ ಇವತ್ತಿನ ಆಸ್ಟನ್ ಮಾರ್ಟಿನ್. ಇನ್ನು ಬೆಂಗಳೂರಿನ ಅರ್ಜುನ್ ಮೈನಿ, ಕುಶ್ ಮೈನಿ ಸಹೋದರರು ಫಾರ್ಮುಲಾ ಒನ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಫಾರ್ಮುಲಾ 2ರಲ್ಲಿ ಈ ಟ್ರ್ಯಾಕ್‌ನಲ್ಲಿ ಓಡಿಸಿದ್ದಾರೆ.

2003 ಮತ್ತು 2006ರಲ್ಲಿ ರೇಸ್ ಯಾಕೆ ನಡೆಯಲಿಲ್ಲ?

2003ರಲ್ಲಿ ಬೆಲ್ಜಿಯಂನ ತಂಬಾಕು ಜಾಹೀರಾತು ನಿಷೇಧ. ಆಗ ತಂಡಗಳು ನಡೆಯುತ್ತಿದ್ದದ್ದೇ ಸಿಗರೇಟ್ ಕಂಪನಿಗಳ ಹಣದಿಂದ. 2006ರಲ್ಲಿ ಆಯೋಜಕರ ದಿವಾಳಿ ಮತ್ತು ಟ್ರ್ಯಾಕ್ ದುರಸ್ತಿ.

2021ರಲ್ಲಿ ನಡೆದದ್ದು ರೇಸ್ ಎನ್ನಬಹುದೇ?

ನಾನು ಎನ್ನುವುದಿಲ್ಲ. ಗಂಟೆಗಟ್ಟಲೆ ಮಳೆಯಲ್ಲಿ ಕಾದು, ಸೇಫ್ಟಿ ಕಾರ್ ಹಿಂದೆ ಕೆಲವೇ ಸುತ್ತು ಓಡಿಸಿ, ಅರ್ಧ ಅಂಕ ಹಂಚಿದರು. ಆ ಮಳೆಯಲ್ಲಿ ಓಡಿಸದೇ ಇದ್ದದ್ದು ಸರಿಯಾದ ತೀರ್ಮಾನ, ನಡೆಯದ ರೇಸಿಗೆ ಅಂಕ ಕೊಟ್ಟದ್ದು ಸರಿಯಲ್ಲ. ಕೆಸರಿನಲ್ಲಿ ನೆನೆಯುತ್ತಾ ನಿಂತ ಜನರಿಗೆ ಸಿಕ್ಕಿದ್ದೇನೂ ಇಲ್ಲ. ಅದಾದ ಮೇಲೆ ನಿಯಮ ಬದಲಾಯಿತು: ಸೇಫ್ಟಿ ಕಾರ್ ಇಲ್ಲದೆ ಕನಿಷ್ಠ ಎರಡು ಲ್ಯಾಪ್ ಓಡದಿದ್ದರೆ ಅಂಕವಿಲ್ಲ.

ಈಗ ಟ್ರ್ಯಾಕ್ ಸುರಕ್ಷಿತವೇ?

ಮೊದಲಿಗಿಂತ ಎಷ್ಟೋ ಮೇಲು, ಆದರೆ ಪೂರ್ತಿ ಅಲ್ಲ. 1985ರ ಸೆಪ್ಟೆಂಬರ್ 1ರಂದು ಸ್ಪೋರ್ಟ್ಸ್ ಕಾರ್ ರೇಸ್‌ನಲ್ಲಿ ಓ ರೂಜ್ ತಳದಲ್ಲಿ ಇಕ್ಸ್‌ರನ್ನು ದಾಟಲು ಹೋಗಿ ಸ್ಟೆಫಾನ್ ಬೆಲೋಫ್ ಸತ್ತ. 2019ರ ಆಗಸ್ಟ್ 31ರಂದು ಫಾರ್ಮುಲಾ 2 ರೇಸ್‌ನಲ್ಲಿ ರೇದಿಯೋಂ ಏರಿದ ಕೂಡಲೇ ಆದ ಅಪಘಾತದಲ್ಲಿ 22 ವರ್ಷದ ಆಂತ್ವಾನ್ ಉಬೇರ್ ತೀರಿಕೊಂಡ. ತಡೆಗೋಡೆಗೆ ಬಡಿದು ಟ್ರ್ಯಾಕ್‌ಗೆ ಹಿಂತಿರುಗಿದ ಕಾರಿಗೆ ಹಿಂದಿನ ಕಾರು ಗುದ್ದಿತ್ತು. ಮರುದಿನ ಅವನ ಬಾಲ್ಯದ ಗೆಳೆಯ ಶಾರ್ಲ್ ಲೆಕ್ಲೇರ್ ಫಾರ್ಮುಲಾ ಒನ್‌ನಲ್ಲಿ ಮೊದಲ ಬಾರಿ ಗೆದ್ದು, ಆ ಗೆಲುವನ್ನು ಅವನಿಗೆ ಅರ್ಪಿಸಿದ.

2022ರ ಹೊತ್ತಿಗೆ ಸುಮಾರು 8 ಕೋಟಿ ಯೂರೋ ಖರ್ಚಿನ ಸುಧಾರಣೆಯಲ್ಲಿ ರೇದಿಯೋಂ ಬಳಿಯ ಅಂಚನ್ನು ಅಗಲ ಮಾಡಿ, ಹಲವೆಡೆ ಜಲ್ಲಿಯ ಹಾಸು ತಂದರು. ಆದರೂ 2023ರ ಜುಲೈ 1ರಂದು ಕಿರಿಯರ ರೇಸ್‌ನಲ್ಲಿ, ಮಳೆಯ ತುಂತುರಿನಲ್ಲಿ ಮುಂದೇನೂ ಕಾಣದೆ ಕೆಮ್ಮೆಲ್ ನೇರದಲ್ಲಿ ಡಿಲಾನೊ ಫಾನ್ಟ್ ಹಾಫ್ ಸತ್ತ. ವಯಸ್ಸು 18. ಸ್ಪಾವನ್ನು ಪ್ರೀತಿಸುವ ನಾವು ಈ ಹೆಸರುಗಳನ್ನು ಬಿಟ್ಟು ಅದರ ಚೆಲುವನ್ನಷ್ಟೇ ಹೇಳಬಾರದು. 2025ರಲ್ಲಿ ಮಳೆಗಾಗಿ ಒಂದು ಗಂಟೆಗಿಂತ ಹೆಚ್ಚು ಕಾದು ರೇಸ್ ಶುರುಮಾಡಿದಾಗ ಬೈದವರಿದ್ದರು. ಕಾದದ್ದು ಸರಿಯೇ.

ಸ್ಪಾ ಕ್ಯಾಲೆಂಡರ್‌ನಿಂದ ಹೋಗುತ್ತದೆಯೇ?

ಪೂರ್ತಿ ಹೋಗುವುದಿಲ್ಲ. 2025ರ ಜನವರಿಯಲ್ಲಿ ಪ್ರಕಟವಾದ ಒಪ್ಪಂದದ ಪ್ರಕಾರ 2026, 2027, 2029 ಮತ್ತು 2031ರಲ್ಲಿ ರೇಸ್ ಇದೆ, 2028 ಮತ್ತು 2030ರಲ್ಲಿ ಇಲ್ಲ. ದೊಡ್ಡ ಮೊತ್ತ ಕೊಡುವ ನಗರಗಳು ಸಾಲಿನಲ್ಲಿ ನಿಂತಿರುವಾಗ ಇಷ್ಟಾದರೂ ಉಳಿಯಿತು ಎನ್ನುವವರಿದ್ದಾರೆ. ನನಗೆ ಸಮಾಧಾನವಿಲ್ಲ. ಹೊಸ ಟ್ರ್ಯಾಕ್ ಅನ್ನು ಯಾವ ಮೈದಾನದಲ್ಲಾದರೂ ಕಟ್ಟಬಹುದು. ಮೂರು ಊರಿನ ಜನ ನಡೆದ ದಾರಿಯಿಂದ ಮೂಡಿದ ಟ್ರ್ಯಾಕ್ ಅನ್ನು ಕಟ್ಟಲಾಗದು.

ಹಳೆಯ ಟ್ರ್ಯಾಕ್ ಇವತ್ತು ನೋಡಲು ಸಿಗುತ್ತದೆಯೇ?

ಸಿಗುತ್ತದೆ, ಟಿಕೆಟ್ ಬೇಕಿಲ್ಲ. ಬಿಟ್ಟುಹೋದ ಭಾಗ ಸಾಮಾನ್ಯ ರಸ್ತೆಯಾಗಿ ಉಳಿದಿದೆ. ಬಾಡಿಗೆ ಕಾರಿನಲ್ಲಿ ಬುರ್ನನ್‌ವಿಲ್ ಇಳಿದು, ಮಾಸ್ತಾ ದಾಟಿ, ಸ್ತಾವ್ಲೋ ಕಡೆ ಹೋಗಬಹುದು. ಮಾಸ್ತಾ ಕೊಂಕಿನಲ್ಲಿ ಮನೆಗಳು ರಸ್ತೆಗೆ ಎಷ್ಟು ಹತ್ತಿರವಿವೆ ಎಂದು ಗಮನಿಸಿ. 1973ರಲ್ಲಿ ಆನ್ರಿ ಪೆಸ್ಕರೊಲೊ ಮಾತ್ರಾ ಸ್ಪೋರ್ಟ್ಸ್ ಕಾರಿನಲ್ಲಿ ಈ ಸುತ್ತನ್ನು ಗಂಟೆಗೆ 262 ಕಿ.ಮೀ. ಸರಾಸರಿಯಲ್ಲಿ ಮುಗಿಸಿದ್ದರು. ನೀವು ಊರೊಳಗಿನ ವೇಗಮಿತಿ ಪಾಲಿಸಿ.

ಹೊಸಬರು ಯಾವ ಹಳೆಯ ರೇಸ್‌ಗಳನ್ನು ನೋಡಬೇಕು?

1995: ಶೂಮಾಕರ್ 16ನೇ ಸ್ಥಾನದಿಂದ ಹೊರಟು ಗೆದ್ದದ್ದು, ಒದ್ದೆ ಟ್ರ್ಯಾಕ್‌ನಲ್ಲಿ ಒಣ ಟೈರ್ ಹಾಕಿಕೊಂಡು ಡೇಮನ್ ಹಿಲ್‌ರನ್ನು ತಡೆದದ್ದು. 1998: ಮೊದಲ ಲ್ಯಾಪ್‌ನಲ್ಲೇ 13 ಕಾರುಗಳ ರಾಶಿ, ಆಮೇಲೆ ಮೆಕ್ಲಾರೆನ್ ಚಾಲಕ ಡೇವಿಡ್ ಕೂಲ್ಟಾರ್ಡ್ ಕಾರಿಗೆ ಹಿಂದಿನಿಂದ ಗುದ್ದಿ ಮೂರು ಚಕ್ರದಲ್ಲಿ ಪಿಟ್‌ಗೆ ಬಂದ ಶೂಮಾಕರ್ ಮೆಕ್ಲಾರೆನ್ ಗ್ಯಾರೇಜಿಗೆ ನುಗ್ಗಿದ್ದು, ಕೊನೆಗೆ ಜೋರ್ಡಾನ್ ತಂಡದ ಚೊಚ್ಚಲ ಗೆಲುವು.

ಒಂದೇ ನೋಡಲು ಸಮಯವಿದ್ದರೆ 2000. ಲ್ಯಾಪ್ 41ರಲ್ಲಿ ಮುಂದೆ ಶೂಮಾಕರ್, ಹಿಂದೆ ಮಿಕಾ ಹಕ್ಕಿನೆನ್, ಇಬ್ಬರ ಮುಂದೆ ಒಂದು ಲ್ಯಾಪ್ ಹಿಂದುಳಿದ ಜೋಂಟಾ ಟ್ರ್ಯಾಕ್ ನಡುವೆ. ಹಿಂದಿನ ಲ್ಯಾಪ್‌ನಲ್ಲಷ್ಟೇ ಶೂಮಾಕರ್ ಅಡ್ಡ ಬಂದಿದ್ದರು. ಈ ಸಲ ಕೆಮ್ಮೆಲ್ ನೇರದಲ್ಲಿ ಶೂಮಾಕರ್ ಜೋಂಟಾರ ಎಡಕ್ಕೆ ಹೋದರು, ಹಕ್ಕಿನೆನ್ ಬಲಕ್ಕೆ. ಲೇ ಕೋಂಬ್ ತಿರುವಿಗೆ ಮೊದಲು ಬಂದವರು ಹಕ್ಕಿನೆನ್. ಏನಾಯಿತೆಂದು ಜೋಂಟಾಗೆ ತಿಳಿಯುವಷ್ಟರಲ್ಲಿ ಎರಡೂ ಕಾರು ಮುಂದಿದ್ದವು.